ಗೋಲ್ಡ್ ಅವಾರ್ಡ್ ಮೆಂಟರ್ ಅಂದರೆ ಯಾರು, ಅವರು ಮಾಡೋದೇನು?

ಅಮೆರಿಕದ ಕನ್ನಡ ಮನೆಗಳಲ್ಲಿ ಮಗಳು ಒಂಬತ್ತನೇ ಕ್ಲಾಸಿಗೆ ಬಂದಳು ಅಂದರೆ ಒಂದು ಪ್ರಶ್ನೆ ಏಳುತ್ತದೆ: "ಗೋಲ್ಡ್ ಅವಾರ್ಡ್ ಮಾಡ್ತಾಳಾ?" ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಇದನ್ನು ವಿವರಿಸುವುದು ಕಷ್ಟ. ಇದು ಪರೀಕ್ಷೆ ಅಲ್ಲ, ರ್‍ಯಾಂಕ್ ಇಲ್ಲ, ಯಾರನ್ನೂ ಸೋಲಿಸಿ ಗೆಲ್ಲಬೇಕಾಗಿಲ್ಲ. ಹೈಸ್ಕೂಲಿನ ಹುಡುಗಿಯೊಬ್ಬಳು ತನ್ನ ಊರಿನ ಒಂದು ತೊಂದರೆಯನ್ನು ಆರಿಸಿಕೊಳ್ಳಬೇಕು. ಅದು ಯಾಕೆ ಹಾಗಿದೆ ಎಂದು ಹುಡುಕಬೇಕು. ನಾಲ್ಕು ಜನರನ್ನು ಸೇರಿಸಿಕೊಂಡು ಏನಾದರೂ ಮಾಡಬೇಕು. ತಾನು ಕಾಲೇಜಿಗೆ ಅಂತ ಊರು ಬಿಟ್ಟ ಮೇಲೂ ಆ ಕೆಲಸ ನಡೆಯುತ್ತಿರಬೇಕು.

ಅಮೆರಿಕದ ಹುಡುಗಿಯರ ಸ್ಕೌಟ್ ಸಂಸ್ಥೆಯಾದ ಗರ್ಲ್ ಸ್ಕೌಟ್ಸ್ ಕೊಡುವ ಗೌರವಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಹುಡುಗಿಯ ಫೋಟೊ ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ, ಮೇಯರ್ ಕೈಕುಲುಕುತ್ತಾರೆ. ಅವಳ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತಿದ್ದ ಒಬ್ಬರು ಮಾತ್ರ ಆ ಫೋಟೊದಲ್ಲಿ ಇರುವುದು ಕಡಿಮೆ. ಅವರಿಗೆ ಸಂಬಳ ಇಲ್ಲ. ಹಗಲು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕೆಲಸ, ಸಂಜೆ ಈ ಹುಡುಗಿಯರ ಯೋಜನೆ ಓದುವುದು. ಅವರನ್ನು ಮೆಂಟರ್ ಅನ್ನುತ್ತಾರೆ. ಅವರ ಕೆಲಸದ ಬಗ್ಗೆ ಹೊರಗಿನವರಿಗೆ ಇರುವ ಕಲ್ಪನೆ ಹೆಚ್ಚಾಗಿ ತಪ್ಪು. ಅವರು ಟೀಚರ್ ಅಲ್ಲ, ಕೋಚ್ ಅಲ್ಲ, ಪರೀಕ್ಷಕರೂ ಅಲ್ಲ.

ಮೊದಲು ಸ್ವಲ್ಪ ಹಿನ್ನೆಲೆ

ಗರ್ಲ್ ಸ್ಕೌಟ್ಸ್ ಶುರುವಾದದ್ದು 1912ರ ಮಾರ್ಚ್ 12ರಂದು, ಜಾರ್ಜಿಯಾ ರಾಜ್ಯದ ಸವಾನ್ನಾದಲ್ಲಿ. ಕಟ್ಟಿದವರು ಜೂಲಿಯೆಟ್ ಗಾರ್ಡನ್ ಲೋ. ಮೊದಲು ಸೇರಿದ್ದು 18 ಹುಡುಗಿಯರು. ಅದರ ಹಿಂದಿನ ವರ್ಷ ಬ್ರಿಟನ್ನಿನಲ್ಲಿ ಲೋ ಅವರಿಗೆ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಅವರ ಪರಿಚಯವಾಗಿತ್ತು. ಲೋ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಒಂದು ಕಿವಿ ಚಿಕಿತ್ಸೆ ಎಡವಟ್ಟಾಗಿ ಕೆಟ್ಟಿತ್ತು. ಇನ್ನೊಂದು ಕೆಟ್ಟದ್ದು 1886ರಲ್ಲಿ, ಅವರ ಮದುವೆಯಲ್ಲಿ. ಹಾರೈಸಲೆಂದು ಎರಚಿದ ಅಕ್ಕಿಯ ಕಾಳೊಂದು ಕಿವಿಯೊಳಗೆ ಹೋಯಿತು, ತೆಗೆಯಲು ಹೋಗಿ ಗಾಯವಾಯಿತು. ಅಕ್ಷತೆ ಹಾಕುವ ನಮ್ಮಂಥವರಿಗೆ ಈ ಕತೆ ಕೇಳಿದರೆ ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ.

ದೊಡ್ಡ ಹುಡುಗಿಯರಿಗೆ ಒಂದು ಅತ್ಯುನ್ನತ ಗೌರವ ಕೊಡುವ ಪದ್ಧತಿ 1916ರಿಂದಲೂ ಇದೆ. ಆಗ ಅದರ ಹೆಸರು ಗೋಲ್ಡನ್ ಈಗಲ್ ಆಫ್ ಮೆರಿಟ್. ನಡುವೆ ಹೆಸರು ಬದಲಾಗುತ್ತಾ ಬಂದು 1980ರಿಂದ ಗೋಲ್ಡ್ ಅವಾರ್ಡ್ ಆಯಿತು. ಇದಕ್ಕೆ ಕೆಳಗೆ ಎರಡು ಮೆಟ್ಟಿಲುಗಳಿವೆ. ನಾಲ್ಕು-ಐದನೇ ಕ್ಲಾಸಿನವರು ತಂಡವಾಗಿ ಮಾಡುವ ಬ್ರಾಂಜ್‌ಗೆ ಸುಮಾರು 20 ಗಂಟೆ. ಆರರಿಂದ ಎಂಟನೇ ಕ್ಲಾಸಿನವರ ಸಿಲ್ವರ್‌ಗೆ 50 ಗಂಟೆ. ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರ ಗೋಲ್ಡ್‌ಗೆ 80 ಗಂಟೆ, ಅದೂ ಒಬ್ಬಳೇ ಹೊಣೆ ಹೊತ್ತು. ತಂಡ ಇರಬೇಕು, ಆದರೆ ನಡೆಸುವವಳು ಅವಳು. ತಂಡದವರು ದುಡಿದ ಗಂಟೆಗಳು ಅವಳ ಲೆಕ್ಕಕ್ಕೆ ಬರುವುದಿಲ್ಲ.

80 ಗಂಟೆ ಅಂದರೆ ಕೇಳಲು ಸಣ್ಣದು. ವಾರಕ್ಕೆ ಎರಡು ಗಂಟೆ ಅಂತ ಇಟ್ಟುಕೊಂಡರೂ 40 ವಾರ ಬೇಕು. ಒಂದು ಶಾಲಾ ವರ್ಷ ಪೂರ್ತಿ ಹೋಯಿತು. ಈ ನಡುವೆ ಪರೀಕ್ಷೆ, ಆರ್ಕೆಸ್ಟ್ರಾ, ಭರತನಾಟ್ಯದ ರಂಗಪ್ರವೇಶ, ಊರಿಗೆ ಹೋಗುವ ಬೇಸಿಗೆ ರಜೆ. ಶುರು ಮಾಡಿದ ಎಲ್ಲರೂ ಮುಗಿಸುವುದಿಲ್ಲ ಅಂದರೆ ಆಶ್ಚರ್ಯ ಇಲ್ಲ.

ಹುಡುಗಿಯ ಸುತ್ತ ಇರುವ ದೊಡ್ಡವರು

ಇಲ್ಲಿ ಗೊಂದಲ ಆಗುವುದು ಸಹಜ, ಯಾಕೆಂದರೆ ಅವಳ ಸುತ್ತ ಮೂರು ಥರದ ಸ್ವಯಂಸೇವಕರು ಇರುತ್ತಾರೆ. ಮೊದಲನೆಯವರು ಟ್ರೂಪ್ ಲೀಡರ್, ಅಂದರೆ ಹುಡುಗಿಯರ ಗುಂಪನ್ನು ನಡೆಸುವವರು. ಇವರು ಹೆಚ್ಚಾಗಿ ಯಾವುದೋ ಹುಡುಗಿಯ ಅಮ್ಮ, ಚಿಕ್ಕಂದಿನಿಂದ ಈ ಗುಂಪನ್ನು ಸಾಕಿದವರು, ಗುಂಪಿನ ಖರ್ಚಿಗೆ ಅಂತ ಹುಡುಗಿಯರು ಮಾಡುವ ಕುಕೀ ಮಾರಾಟದ ಲೆಕ್ಕ ಇಟ್ಟವರು.

ಎರಡನೆಯವರು ಪ್ರಾಜೆಕ್ಟ್ ಅಡ್ವೈಸರ್. ಇವರಿಗೆ ಗರ್ಲ್ ಸ್ಕೌಟ್ಸ್ ಗೊತ್ತಿರಬೇಕಾಗಿಲ್ಲ, ವಿಷಯ ಗೊತ್ತಿರಬೇಕು. ಯೋಜನೆ ಕೆರೆಯ ನೀರಿನ ಬಗ್ಗೆ ಇದ್ದರೆ ನೀರಿನ ಕೆಲಸ ಮಾಡುವವರು, ಮಕ್ಕಳ ಓದಿನ ಬಗ್ಗೆ ಇದ್ದರೆ ಲೈಬ್ರರಿಯವರು. ಇವರನ್ನು ಹುಡುಗಿಯೇ ಹುಡುಕಿಕೊಳ್ಳಬೇಕು. ಅಪ್ಪ-ಅಮ್ಮ ಅಡ್ವೈಸರ್ ಆಗುವಂತಿಲ್ಲ. ಸಾಮಾನ್ಯವಾಗಿ ಟ್ರೂಪ್ ಲೀಡರ್‌ಗೂ ಅವಕಾಶ ಇಲ್ಲ.

ಮೂರನೆಯವರೇ ಮೆಂಟರ್. ಗರ್ಲ್ ಸ್ಕೌಟ್ಸ್ ಸಂಸ್ಥೆ ಅಮೆರಿಕವನ್ನು ನೂರಕ್ಕೂ ಹೆಚ್ಚು ಕೌನ್ಸಿಲ್‌ಗಳಾಗಿ ಹಂಚಿಕೊಂಡಿದೆ. ಆಯಾ ಕೌನ್ಸಿಲ್ ಗೋಲ್ಡ್ ಅವಾರ್ಡ್‌ಗೆ ಅಂತಲೇ ಸ್ವಯಂಸೇವಕರನ್ನು ಇಟ್ಟುಕೊಂಡಿರುತ್ತದೆ. ಇವರು ಹುಡುಗಿಯ ಯೋಜನೆ ಓದುತ್ತಾರೆ, ಅವಳ ಜೊತೆ ಕೂತು ಮಾತಾಡುತ್ತಾರೆ, ತಿದ್ದಿಕೊಂಡು ಬಾ ಅನ್ನುತ್ತಾರೆ. ಕೌನ್ಸಿಲ್ ಒಪ್ಪಿದ ಮೇಲೇ ಕೆಲಸ ಶುರು. ಮೊದಲೇ ಮಾಡಿ ಮುಗಿಸಿ ಆಮೇಲೆ ಅನುಮತಿ ಕೇಳಿದರೆ ಆಗುವುದಿಲ್ಲ.

ಅಡ್ವೈಸರ್ ವಿಷಯಕ್ಕೆ, ಮೆಂಟರ್ ದಾರಿಗೆ. ಹೀಗೆ ಬೇರೆ ಇಟ್ಟಿರುವುದರಲ್ಲಿ ಒಂದು ಜಾಣತನ ಇದೆ. ವಿಷಯ ಗೊತ್ತಿದ್ದವರಿಗೆ ಉತ್ತರ ಹೇಳಿಬಿಡುವ ಆಸೆ ತಡೆಯಲು ಆಗುವುದಿಲ್ಲ. ಮೆಂಟರ್‌ಗೆ ಎಷ್ಟೋ ಸಲ ಉತ್ತರ ಗೊತ್ತೇ ಇರುವುದಿಲ್ಲ. ಹಾಗಾಗಿ ಅವರು ಕೇಳಲೇಬೇಕು.

ಒಂದು ಯೋಜನೆ ಹುಟ್ಟುವ ಬಗೆ

ನಿಯಮದ ಪುಸ್ತಕದಲ್ಲಿ ಏಳು ಹೆಜ್ಜೆಗಳಿವೆ: ಸಮಸ್ಯೆ ಆರಿಸುವುದು, ಅದನ್ನು ಕೆದಕಿ ನೋಡುವುದು, ತಂಡ ಕಟ್ಟುವುದು, ಯೋಜನೆ ಬರೆಯುವುದು, ಅದನ್ನು ಮಂಡಿಸಿ ಅಭಿಪ್ರಾಯ ಪಡೆಯುವುದು, ಕೆಲಸ ಮಾಡುವುದು, ಕಲಿತದ್ದನ್ನು ಇತರರಿಗೆ ಹೇಳುವುದು. ಓದಿದರೆ ಎಲ್ಲ ಸಲೀಸು ಅನಿಸುತ್ತದೆ. ನಿಜಕ್ಕೂ ಏನಾಗುತ್ತದೆ ಎಂದು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಡುಗಿ ಕಲ್ಪನೆಯವಳು, ಸಮಸ್ಯೆ ಕಲ್ಪನೆಯದಲ್ಲ.

ಊರು ನ್ಯೂಜೆರ್ಸಿಯ ಎಡಿಸನ್ ಅಂದುಕೊಳ್ಳಿ. ಹುಡುಗಿ ಹತ್ತನೇ ಕ್ಲಾಸು. ಅವಳ ಅಜ್ಜ-ಅಜ್ಜಿ ಹಾಸನದಿಂದ ಆರು ತಿಂಗಳಿಗೆ ಬಂದಿದ್ದಾರೆ. ಮಗ-ಸೊಸೆ ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆಯಲ್ಲಿ ಅವರಿಬ್ಬರೇ. ಅಜ್ಜಿ ಟೀವಿ ನೋಡುತ್ತಾರೆ, ಅಜ್ಜ ಕಿಟಕಿ ನೋಡುತ್ತಾರೆ. ಹುಡುಗಿಗೆ ಬೇಜಾರಾಗುತ್ತದೆ. ಮೆಂಟರ್ ಹತ್ತಿರ ಬಂದು ಹೇಳುತ್ತಾಳೆ: "ವಯಸ್ಸಾದವರಿಗೆ ಒಂದು ದೊಡ್ಡ ಪಾರ್ಟಿ ಮಾಡ್ತೀನಿ. ಹಾಡು, ಊಟ, ಅಂತ್ಯಾಕ್ಷರಿ."

ಒಳ್ಳೆಯ ಮನಸ್ಸು, ಆದರೆ ಗೋಲ್ಡ್ ಅವಾರ್ಡ್ ಆಗುವುದಿಲ್ಲ. ಒಂದು ದಿನದ ಪಾರ್ಟಿ ಮುಗಿದ ಮರುದಿನ ಅಜ್ಜ ಮತ್ತೆ ಕಿಟಕಿಯ ಹತ್ತಿರ. ಬಟ್ಟೆ ಸಂಗ್ರಹಿಸಿ ಕೊಡುವುದು, ಪುಸ್ತಕ ಸಂಗ್ರಹಿಸಿ ಕೊಡುವುದು, ಪಾರ್ಕ್ ಗುಡಿಸುವುದು, ಇವೆಲ್ಲ ಸೇವೆ. ಸೇವೆಗೆ ಬೆಲೆ ಇದೆ. ಆದರೆ ಇಲ್ಲಿ ಕೇಳುವುದು ಬೇರೆ: ತೊಂದರೆಯ ಬುಡಕ್ಕೆ ಕೈ ಹಾಕಿದ್ದೀಯಾ? ನೀನಿಲ್ಲದಾಗ ಯಾರು ನಡೆಸುತ್ತಾರೆ? ಆದ ಬದಲಾವಣೆಯನ್ನು ಅಳೆದು ತೋರಿಸುತ್ತೀಯಾ? ನಿನ್ನ ಊರಿನಾಚೆಗೂ ಇದು ಇದೆಯಾ?

ಈಗ ಮೆಂಟರ್ "ಪಾರ್ಟಿ ಬೇಡ, ಹೀಗೆ ಮಾಡು" ಅಂದುಬಿಟ್ಟರೆ ಐದು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಯೋಜನೆಯೂ ಚೆನ್ನಾಗಿರಬಹುದು. ಆದರೆ ಅದು ಮೆಂಟರ್‌ನ ಯೋಜನೆ. ಮುಂದಿನ ಎಂಟು ತಿಂಗಳು ಹುಡುಗಿ ಅದನ್ನು ಹೋಮ್‌ವರ್ಕಿನ ಹಾಗೆ ಎಳೆದುಕೊಂಡು ಹೋಗುತ್ತಾಳೆ. ಅನುಭವ ಇರುವ ಮೆಂಟರ್ ಕೇಳುವುದು ಒಂದೇ ಪ್ರಶ್ನೆ: "ಅಜ್ಜ-ಅಜ್ಜಿ ಹೊರಗೆ ಯಾಕೆ ಹೋಗಲ್ಲ ಅಂತ ಅವರನ್ನೇ ಕೇಳಿದೆಯಾ?"

ಕೇಳಿರುವುದಿಲ್ಲ. ಹದಿನೈದು ವರ್ಷದವರು ಯಾಕೆ, ಐವತ್ತು ವರ್ಷದವರೂ ಕೇಳುವುದಿಲ್ಲ. ನಾವೇ ಊಹೆ ಮಾಡಿಕೊಂಡಿರುತ್ತೇವೆ, ಅಲ್ವಾ?

ಹುಡುಗಿ ಕೇಳಲು ಹೊರಡುತ್ತಾಳೆ. ಮನೆಯಲ್ಲಿ, ದೇವಸ್ಥಾನದಲ್ಲಿ, ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂರುವ ಹಿರಿಯರ ಹತ್ತಿರ. ಬರುವ ಉತ್ತರಗಳು ಒಂದೇ ಥರ ಇರುವುದಿಲ್ಲ. ಒಬ್ಬರ ಬೀದಿಯಲ್ಲಿ ನಡೆಯಲು ಸೈಡ್‌ವಾಕ್ ಇಲ್ಲ. ಒಬ್ಬರಿಗೆ ಬಸ್ ಸ್ಟಾಪ್ ಗೊತ್ತು, ಟಿಕೆಟ್ ತೆಗೆದುಕೊಳ್ಳುವುದು ಹೇಗೆ ಅಂತ ಗೊತ್ತಿಲ್ಲ. ಒಬ್ಬರಿಗೆ ಇಂಗ್ಲಿಷ್ ಬರುತ್ತದೆ, ಆದರೆ ಇಲ್ಲಿನವರ ಇಂಗ್ಲಿಷ್ ಅರ್ಥವಾಗುವುದಿಲ್ಲ, ಮತ್ತೆ ಮತ್ತೆ ಕೇಳಲು ನಾಚಿಕೆ. ಇನ್ನೊಬ್ಬರಿಗೆ ಮಗನೇ ಹೇಳಿದ್ದಾನೆ: "ಹೊರಗೆ ಐಸ್ ಇದೆ, ಬಿದ್ದು ಕಾಲು ಮುರ್ಕೊಂಡ್ರೆ ಆಸ್ಪತ್ರೆ ಬಿಲ್ಲು ಕಟ್ಟೋಕಾಗಲ್ಲ." ಪ್ರವಾಸಿ ವೀಸಾದಲ್ಲಿ ಬಂದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಇಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಭಯವೇ.

ಒಂಟಿತನ ಅಂತ ಒಂದೇ ಹೆಸರಿಟ್ಟಿದ್ದ ತೊಂದರೆ ಈಗ ನಾಲ್ಕು ತೊಂದರೆಯಾಯಿತು. ಹುಡುಗಿ ಗಾಬರಿಯಾಗಿ ವಾಪಸ್ ಬರುತ್ತಾಳೆ. ಮೆಂಟರ್‌ನ ಎರಡನೇ ಪ್ರಶ್ನೆ ಇಲ್ಲಿ: "ಇವುಗಳಲ್ಲಿ ನಿನ್ನ ಕೈಗೆ ಎಟುಕುವುದು ಯಾವುದು?" ಸೈಡ್‌ವಾಕ್ ಹಾಕಿಸುವುದು ನಗರಾಡಳಿತದ ಕೆಲಸ. ಪತ್ರ ಬರೆಯಬಹುದು, ಸಭೆಯಲ್ಲಿ ಎರಡು ನಿಮಿಷ ಮಾತಾಡಬಹುದು, ಆದರೆ 80 ಗಂಟೆಯಲ್ಲಿ ರಸ್ತೆ ಬದಲಾಗುವುದಿಲ್ಲ. ವಿಮೆ ಅವಳ ಕೈಯಲ್ಲಿಲ್ಲ. ಬಸ್ಸು, ನಾಚಿಕೆ, ಈ ಎರಡು ಅವಳ ಕೈಗೆ ಸಿಗುತ್ತವೆ.

ಅವಳ ಹೊಸ ಯೋಜನೆ ಇದು: ಲೈಬ್ರರಿಯಲ್ಲಿ ವಾರಕ್ಕೊಂದು ಗಂಟೆ ಹಿರಿಯರು ಸೇರುವುದು. ಶಾಲೆಯ ಹುಡುಗ-ಹುಡುಗಿಯರು ಅವರ ಜೊತೆ ಒಂದು ಸಲ ಬಸ್ಸಿನಲ್ಲಿ ಬಂದು ದಾರಿ ತೋರಿಸುವುದು. ಕನ್ನಡ, ತೆಲುಗು, ಗುಜರಾತಿ, ಹಿಂದಿಯಲ್ಲಿ ಒಂದು ಸಣ್ಣ ಕೈಪಿಡಿ. ಅಷ್ಟೇ. ಕಾಗದದ ಮೇಲೆ ಪಾರ್ಟಿಗಿಂತ ಸಪ್ಪೆ ಕಾಣುತ್ತದೆ. ಆದರೆ ಈಗ ಇದು ಅವಳದು, ಯಾಕೆ ಬೇಕು ಅಂತ ಅವಳಿಗೆ ಗೊತ್ತು.

ಊರಿನಾಚೆಗೂ ಇದು ಇದೆಯಾ ಎಂಬ ಪ್ರಶ್ನೆಗೆ ಅವಳು ದೂರ ಹೋಗಬೇಕಾಗಿಲ್ಲ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯರು, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಸಾರಿ ಸಲಹಾಪತ್ರ ಹೊರಡಿಸಿದರು. ಆಗ ಆ ಹುದ್ದೆಯಲ್ಲಿದ್ದವರು ಡಾ. ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದವರು. ಅಜ್ಜನಿಗೆ ಈ ವಿಷಯ ಹೇಳಿದರೆ ಅವರು ಲೈಬ್ರರಿಗೆ ಬಾರದಿದ್ದರೂ ಅರ್ಧ ಗಂಟೆ ಮಂಡ್ಯದ ಬಗ್ಗೆ ಮಾತಾಡುವುದಂತೂ ಖಂಡಿತ.

ಮೊದಲ ದಿನ ಇಬ್ಬರೇ ಬಂದರೆ

ಕೆಲಸ ಶುರುವಾದ ಮೇಲೆ ಮೆಂಟರ್‌ಗೆ ನಿಜವಾದ ಪರೀಕ್ಷೆ. ಮೊದಲ ಬುಧವಾರ ಲೈಬ್ರರಿಯಲ್ಲಿ 20 ಕುರ್ಚಿ ಹಾಕಿದೆ, ಬಂದದ್ದು ಇಬ್ಬರು. ಹುಡುಗಿಯ ಮುಖ ಸಣ್ಣಗಾಗಿದೆ. ಮೆಂಟರ್‌ಗೆ ಪರಿಚಯ ಜಾಸ್ತಿ. ನಾಲ್ಕು ಫೋನ್ ಮಾಡಿದರೆ ಮುಂದಿನ ವಾರ ಕುರ್ಚಿ ತುಂಬುತ್ತದೆ. ಮಾಡಬಾರದು. ತುಂಬಿದ ಕುರ್ಚಿಗಳು ಹುಡುಗಿಗೆ ಏನನ್ನೂ ಕಲಿಸುವುದಿಲ್ಲ. ಮೆಂಟರ್ ಫೋನ್ ಮಾಡುವುದು ನಿಲ್ಲಿಸಿದ ದಿನ ಮತ್ತೆ ಖಾಲಿ.

ಅದರ ಬದಲು ಕೇಳುತ್ತಾರೆ: "ಬಂದ ಇಬ್ಬರಿಗೂ ವಿಷಯ ಹೇಗೆ ಗೊತ್ತಾಯ್ತು?" ಹುಡುಗಿ ವಿಚಾರಿಸುತ್ತಾಳೆ. ಅವಳು ಕಷ್ಟಪಟ್ಟು ಬಣ್ಣಬಣ್ಣವಾಗಿ ಮಾಡಿ ಲೈಬ್ರರಿಯ ಬೋರ್ಡಿಗೆ ಹಚ್ಚಿದ ಪೋಸ್ಟರನ್ನು ಇಬ್ಬರೂ ನೋಡಿಲ್ಲ. ಒಬ್ಬರಿಗೆ ಸೊಸೆಯ ವಾಟ್ಸ್ಆ್ಯಪ್ ಗುಂಪಿನಿಂದ ತಿಳಿಯಿತು, ಇನ್ನೊಬ್ಬರಿಗೆ ದೇವಸ್ಥಾನದಲ್ಲಿ ಯಾರೋ ಹೇಳಿದರು. ಲೈಬ್ರರಿಗೆ ಬಾರದವರಿಗೆ ಲೈಬ್ರರಿಯ ಗೋಡೆ ಮೇಲೆ ಜಾಹೀರಾತು! ಗೊತ್ತಾದ ಮೇಲೆ ಅವಳೇ ನಗುತ್ತಾಳೆ. ಮುಂದಿನ ಸಲ ಹುಡುಗಿ ಸೊಸೆಯಂದಿರ ವಾಟ್ಸ್ಆ್ಯಪ್ ಗುಂಪು ಹಿಡಿಯುತ್ತಾಳೆ. ಇದನ್ನು ಮೊದಲೇ ಹೇಳಿಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಅಂದರೆ, ಆಗುತ್ತಿತ್ತು. ಆದರೆ ಬಾರದವರ ಕಡೆಯಿಂದ ನೋಡುವುದು ಹೇಗೆ ಅಂತ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಮೆಂಟರ್ ಸುಮ್ನೆ ಕೂತು ಪ್ರಶ್ನೆ ಮಾತ್ರ ಕೇಳುತ್ತಾರೆ ಅಂತಲ್ಲ. ಬಾಗಿಲು ತೆಗೆಸುವ ಕೆಲಸ ಅವರದೇ. ಹದಿನೈದರ ಹುಡುಗಿ ಕಳಿಸಿದ ಇಮೇಲಿಗೆ ದೊಡ್ಡವರು ಉತ್ತರ ಕೊಡುವುದಿಲ್ಲ, ಇದು ಎಲ್ಲ ಕಡೆ ಇರುವ ರೋಗ. ಎರಡು ಸಲ ಬರೆದಿದ್ದಾಳೆ, ಉತ್ತರ ಇಲ್ಲ. ಆಗ ಮೆಂಟರ್ ಮೊದಲು ಹೇಳುವುದು "ಫೋನ್ ಮಾಡು" ಅಂತ. ಈಗಿನ ಮಕ್ಕಳಿಗೆ ಗುರುತಿಲ್ಲದವರಿಗೆ ಫೋನ್ ಮಾಡುವುದು ಅಂದರೆ ಬಾವಿಗೆ ಹಾರು ಅಂದಷ್ಟೇ ಭಯ. ಏನು ಹೇಳಬೇಕು ಅಂತ ಮೆಂಟರ್ ಎದುರು ಎರಡು ಸಲ ಹೇಳಿ ನೋಡಿ, ಆಮೇಲೆ ಅವಳೇ ಮಾಡುತ್ತಾಳೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಮೆಂಟರ್ "ಇವಳನ್ನು ಒಂದು ಸಲ ಭೇಟಿ ಮಾಡಿ" ಅಂತ ಪರಿಚಯಿಸಿ ಪಕ್ಕಕ್ಕೆ ಸರಿಯುತ್ತಾರೆ. ಈ ಕ್ರಮ ಮುಖ್ಯ. ಪರಿಚಯ ಮೊದಲೇ ಸಿಕ್ಕರೆ ಆ ಬಾಗಿಲು ಮೆಂಟರ್‌ನದಾಗುತ್ತದೆ.

ಬರಹದಲ್ಲೂ ಇದೇ ಗೆರೆ. ಹುಡುಗಿಯ ಯೋಜನೆಯ ಕರಡಿನಲ್ಲಿ ಮೆಂಟರ್ ವಾಕ್ಯ ತಿದ್ದುವುದಿಲ್ಲ. ಪಕ್ಕದಲ್ಲಿ "ಇಲ್ಲಿ ಎಷ್ಟು ಜನ?" "ಇದನ್ನು ಹೇಗೆ ಅಳೆಯುತ್ತೀ?" ಅಂತ ಬರೆಯುತ್ತಾರೆ. ವಾಕ್ಯಗಳನ್ನೇ ಬದಲಿಸುತ್ತಾ ಹೋದರೆ ಯೋಜನೆ ನಲವತ್ತು ವರ್ಷದವರು ಬರೆದ ಹಾಗೆ ಓದಿಸಿಕೊಳ್ಳುತ್ತದೆ. ಎಷ್ಟೋ ಕೌನ್ಸಿಲ್‌ಗಳಲ್ಲಿ ಹುಡುಗಿಯನ್ನು ಎದುರು ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಅವಳು ತನ್ನದೇ ಕಾಗದದಲ್ಲಿರುವ ಮಾತಿಗೆ ಅರ್ಥ ಹೇಳಲು ತಡವರಿಸಿದರೆ ಯಾರ ಕೈವಾಡ ಅಂತ ಗೊತ್ತಾಗಿಬಿಡುತ್ತದೆ.

ಅಳತೆಯಲ್ಲಿ ಹುಡುಗಿಯರು ಹೆಚ್ಚಾಗಿ ಎಡವುತ್ತಾರೆ. "ಐವತ್ತು ಜನ ಬಂದರು" ಅನ್ನುವುದು ಎಣಿಕೆ ಮಾತ್ರ. ನಮ್ಮ ಉದಾಹರಣೆಯಲ್ಲಿ ನೋಡಬೇಕಾದ್ದು, ಮೂರನೇ ವಾರದ ಹೊತ್ತಿಗೆ ಎಷ್ಟು ಜನ ಮಗನ ಕಾರಿಲ್ಲದೆ ತಾವೇ ಬಂದರು ಎಂಬುದು. ಇಬ್ಬರೇ ಆಗಿರಲಿ, ಅದು ಬದಲಾವಣೆ.

ಮುಂದುವರಿಕೆಯೂ ಹಾಗೆಯೇ. "ನನ್ನ ತಂಗಿ ಮುಂದುವರಿಸ್ತಾಳೆ" ಅನ್ನುವುದು ಮುಂದುವರಿಕೆ ಅಲ್ಲ. ಲೈಬ್ರರಿಯವರು ಬುಧವಾರದ ಆ ಒಂದು ಗಂಟೆಯನ್ನು ತಮ್ಮ ಕಾರ್ಯಕ್ರಮ ಪಟ್ಟಿಗೆ ಸೇರಿಸಿಕೊಂಡು ಪತ್ರ ಕೊಟ್ಟರೆ, ಶಾಲೆಯ ಒಂದು ಕ್ಲಬ್ ಪ್ರತಿ ವರ್ಷ ಮಕ್ಕಳನ್ನು ಕಳಿಸಲು ಒಪ್ಪಿದರೆ, ಅದು ಮುಂದುವರಿಕೆ.

ಏಣಿಯ ಕೆಳಗಿನ ಮೆಟ್ಟಿಲು

ದೊಡ್ಡವರು ಇಷ್ಟೆಲ್ಲ ಕೈ ಕಟ್ಟಿಕೊಳ್ಳುವುದು ಯಾಕೆ ಎಂಬುದಕ್ಕೆ ಹಿಂದೆ ಒಂದು ಯೋಚನೆ ಇದೆ. 1992ರಲ್ಲಿ ರಾಜರ್ ಹಾರ್ಟ್ ಎಂಬ ಸಂಶೋಧಕರು ಯುನಿಸೆಫ್‌ಗಾಗಿ ಬರೆಯುತ್ತಾ, ಮಕ್ಕಳು ಸಾರ್ವಜನಿಕ ಕೆಲಸದಲ್ಲಿ ಪಾಲ್ಗೊಳ್ಳುವುದನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಪಾಲ್ಗೊಳ್ಳುವಿಕೆ ಅಂತ ಒಪ್ಪುವುದೇ ಇಲ್ಲ. ಮಕ್ಕಳನ್ನು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ನೆಪಮಾತ್ರಕ್ಕೆ ಮಾತಾಡಿಸುವುದು, ಇವೇ ಆ ಮೂರು.

ಅಲಂಕಾರಕ್ಕೆ ನಿಲ್ಲಿಸುವುದು ನಮಗೆ ಚೆನ್ನಾಗಿ ಗೊತ್ತು. ಮಂತ್ರಿ ಬರುವ ಸಮಾರಂಭದಲ್ಲಿ ಬಿಸಿಲಿನಲ್ಲಿ ಪೂರ್ಣಕುಂಭ ಹಿಡಿದು ಸಾಲಾಗಿ ನಿಂತ ಶಾಲೆಯ ಹುಡುಗಿಯರನ್ನು ನೋಡದ ಕನ್ನಡಿಗರು ಯಾರಿದ್ದಾರೆ?

ಏಣಿಯ ತುದಿಯಲ್ಲಿ ಏನಿದೆ ಎಂಬುದು ಇನ್ನೂ ಸ್ವಾರಸ್ಯ. ಮಕ್ಕಳೇ ಎಲ್ಲ ಮಾಡುವುದು ಎಂಟನೇ ಮೆಟ್ಟಿಲು ಅಂದುಕೊಳ್ಳುತ್ತೇವೆ. ಅದು ಏಳನೆಯದು. ಎಂಟನೆಯದು, ಮಕ್ಕಳು ತಾವಾಗಿ ಶುರು ಮಾಡಿ, ತೀರ್ಮಾನಗಳನ್ನು ದೊಡ್ಡವರ ಜೊತೆ ಹಂಚಿಕೊಳ್ಳುವುದು. ಅಂದರೆ ದೊಡ್ಡವರು ಎದ್ದು ಹೋಗುವುದು ಗುರಿ ಅಲ್ಲ. ಮೆಂಟರ್ ಇರುವ ಜಾಗ ಆ ಎಂಟನೇ ಮೆಟ್ಟಿಲು. ಅಲ್ಲಿಂದ ಜಾರಿ ಎರಡನೇ ಮೆಟ್ಟಿಲಿಗೆ ಬೀಳುವುದು ಮಾತ್ರ ಬಹಳ ಸುಲಭ. ಫೋಟೊದಲ್ಲಿ ಹುಡುಗಿ, ಹಿಂದೆ ಎಲ್ಲ ಕೆಲಸ ದೊಡ್ಡವರದು.

ಹಾಗೆ ಬೀಳಿಸುವವರಲ್ಲಿ ಮೊದಲಿಗರು ಅಪ್ಪ-ಅಮ್ಮ ಅಂತ ಹೇಳಲೇಬೇಕು. ನಮ್ಮವರಲ್ಲಂತೂ ಇದು ಜಾಸ್ತಿ. ಗೋಲ್ಡ್ ಅವಾರ್ಡ್ ಅಂದರೆ ಕಾಲೇಜು ಅರ್ಜಿಯಲ್ಲಿ ಒಂದು ಸಾಲು ಎಂಬ ಲೆಕ್ಕ ಬಂದ ತಕ್ಷಣ ಅಪ್ಪ ಸ್ಪ್ರೆಡ್‌ಶೀಟ್ ತೆರೆಯುತ್ತಾರೆ, ಅಮ್ಮ ಪರಿಚಯದವರಿಗೆಲ್ಲ ಫೋನ್ ಹಚ್ಚುತ್ತಾರೆ. ಅಪ್ಪ ಐಟಿಯಲ್ಲಿದ್ದರೆ ಯೋಜನೆ ಒಂದು ಆ್ಯಪ್ ಆಗಿ ಬದಲಾಗುತ್ತದೆ, ಯಾರಿಗೂ ಬೇಡದ ಆ್ಯಪ್. ಈ ಗೌರವದಿಂದ ಲಾಭ ಇಲ್ಲ ಅಂತಲ್ಲ. ಕೆಲವು ವಿದ್ಯಾರ್ಥಿವೇತನಗಳಿವೆ, ಸೈನ್ಯಕ್ಕೆ ಸೇರಿದರೆ ಒಂದು ದರ್ಜೆ ಮೇಲಿನಿಂದ ಶುರು ಮಾಡಬಹುದು. ಆದರೆ ಲಾಭಕ್ಕಾಗಿ ಅಪ್ಪ-ಅಮ್ಮ ಓಡಿದರೆ ಹುಡುಗಿಗೆ ಉಳಿಯುವುದು ಬರೀ ಪಿನ್ನು. ಅಜ್ಜಿ ರೊಟ್ಟಿ ಕಲಿಸುವಾಗ ಮೊದಲ ನಾಲ್ಕು ರೊಟ್ಟಿ ಹರಿದರೂ ಹಲಗೆ ಕಿತ್ತುಕೊಳ್ಳುತ್ತಿರಲಿಲ್ಲ. ಆ ತಾಳ್ಮೆ ಇಲ್ಲಿ ಬೇಕು. ಅಪ್ಪ-ಅಮ್ಮನಿಗೆ ಅದು ಸಾಧ್ಯವಿಲ್ಲ ಅಂತಲೇ ನಿಯಮ ಅವರನ್ನು ಅಡ್ವೈಸರ್ ಜಾಗದಿಂದ ಹೊರಗಿಟ್ಟಿದೆ. ಕಾರು ಓಡಿಸಬಹುದು, ಪೆಟ್ಟಿಗೆ ಎತ್ತಬಹುದು, ಊಟ ತರಬಹುದು.

ಮೆಂಟರ್ ಮಧ್ಯೆ ಬರಲೇಬೇಕಾದಾಗ

ಎರಡು ವಿಷಯಗಳಲ್ಲಿ ಕೈ ಕಟ್ಟಿ ಕೂರುವಂತಿಲ್ಲ. ಒಂದು ಸುರಕ್ಷತೆ. ಮೆಂಟರ್ ಆಗುವವರಿಗೆ ಕನಿಷ್ಠ 18 ವರ್ಷ ತುಂಬಿರಬೇಕು, ಹಿನ್ನೆಲೆ ತಪಾಸಣೆ ಆಗಿರಬೇಕು. ಹುಡುಗಿಯರ ಕೂಟದಲ್ಲಿ ಒಬ್ಬರಿಗೊಬ್ಬರು ಸಂಬಂಧಿಕರಲ್ಲದ ಇಬ್ಬರು ದೊಡ್ಡವರಾದರೂ ಇರಬೇಕು, ಅವರಲ್ಲಿ ಒಬ್ಬರು ಹೆಂಗಸು. ಹುಡುಗಿಯ ಜೊತೆ ಗುಟ್ಟಾಗಿ ಚಾಟ್ ಮಾಡುವುದು, ಒಬ್ಬಳನ್ನೇ ಕಾರಿನಲ್ಲಿ ಕರೆದೊಯ್ಯುವುದು ಇಲ್ಲ. ಹುಡುಗಿ ತನಗೆ ಆಗುತ್ತಿರುವ ಹಿಂಸೆಯ ಬಗ್ಗೆ ಹೇಳಿಕೊಂಡರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡುವಂತಿಲ್ಲ. ನಂಬಿಕೆ ಮುರಿದ ಹಾಗಾಗುತ್ತದೆ ಎಂದು ಹೊಸಬರಿಗೆ ಅನಿಸಬಹುದು. ಆದರೆ ಅಲ್ಲಿ ಮೌನ ಹುಡುಗಿಗೆ ಅಪಾಯ.

ಇನ್ನೊಂದು ದುಡ್ಡು. ಗರ್ಲ್ ಸ್ಕೌಟ್ ಹೆಸರಿನಲ್ಲಿ ಬೇರೆ ಸಂಸ್ಥೆಗೆ ಹಣ ಎತ್ತುವಂತಿಲ್ಲ. ಹುಡುಗಿಯರು ನೇರವಾಗಿ ನಗದು ದೇಣಿಗೆ ಕೇಳುವಂತಿಲ್ಲ, ಅದನ್ನು ದೊಡ್ಡವರು ನೋಡಿಕೊಳ್ಳಬೇಕು. "ಊರಿನ ಅನಾಥಾಶ್ರಮಕ್ಕೆ ದುಡ್ಡು ಕಳಿಸ್ತೀನಿ" ಎಂಬ ಯೋಜನೆಗಳು ನಮ್ಮ ಮನೆಗಳಿಂದ ಆಗಾಗ ಬರುತ್ತವೆ, ಇಲ್ಲಿಗೇ ನಿಲ್ಲುತ್ತವೆ.

ಮೆಂಟರ್ ನಡುವೆ ಕೈ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಕಡೆಯ ಅಧ್ಯಯನ ಉತ್ತರ ಕೊಡುತ್ತದೆ. ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಮೆಂಟರಿಂಗ್ ಕಾರ್ಯಕ್ರಮದ ಮಕ್ಕಳನ್ನು ನೋಡಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಕೆಲಸ ಅದು. ಒಂದು ವರ್ಷಕ್ಕಿಂತ ಹೆಚ್ಚು ಜೊತೆಗಿದ್ದ ಕಡೆ ಒಳ್ಳೆಯದು ಜಾಸ್ತಿ ಆಯಿತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಮೇಲಿದ್ದ ಅಭಿಮಾನ ಮೊದಲಿಗಿಂತ ಕುಸಿಯಿತು. ಗೋಲ್ಡ್ ಅವಾರ್ಡ್ ಮೆಂಟರ್‌ನ ಸಂಬಂಧ ಅಷ್ಟು ಹತ್ತಿರದ್ದಲ್ಲ. ಆದರೂ ಒಪ್ಪಿಕೊಳ್ಳುವ ಮೊದಲು ಮುಂದಿನ ಒಂದು ವರ್ಷದ ಕ್ಯಾಲೆಂಡರ್ ನೋಡಿಕೊಳ್ಳುವುದು ಒಳ್ಳೆಯದು.

ಇಲ್ಲಿನವರು ಇದನ್ನು ಹುಡುಗರ ಸ್ಕೌಟಿಂಗಿನ ಅತ್ಯುನ್ನತ ಗೌರವವಾದ ಈಗಲ್ ಸ್ಕೌಟ್ ಜೊತೆ ಹೋಲಿಸುತ್ತಾರೆ. 2019ರಿಂದ ಹುಡುಗಿಯರೂ ಆ ದಾರಿ ಹಿಡಿಯಬಹುದು. ಅಲ್ಲಿ 21 ಮೆರಿಟ್ ಬ್ಯಾಡ್ಜ್ ಗಳಿಸಬೇಕು, ಒಂದು ಸೇವಾ ಯೋಜನೆ ನಡೆಸಬೇಕು. ಪಾರ್ಕಿಗೆ ಬೆಂಚು ಕಟ್ಟಿಕೊಟ್ಟರೆ ಅದು ಒಪ್ಪಿತ. ಗೋಲ್ಡ್ ಅವಾರ್ಡ್‌ನಲ್ಲಿ ಬೆಂಚು ಕಟ್ಟಿದರೆ "ಇಲ್ಲಿ ಯಾರೂ ಯಾಕೆ ಕೂರುತ್ತಿರಲಿಲ್ಲ?" ಎಂದು ಕೇಳುತ್ತಾರೆ.

ನಮ್ಮ ಕಡೆ

ಭಾರತಕ್ಕೆ ಗೈಡಿಂಗ್, ಅಂದರೆ ಹುಡುಗಿಯರ ಸ್ಕೌಟಿಂಗ್, ಬಂದದ್ದು 1911ರಲ್ಲಿ, ಜಬಲ್ಪುರದಲ್ಲಿ. ಅಂದರೆ ಸವಾನ್ನಾಕ್ಕಿಂತ ಒಂದು ವರ್ಷ ಮೊದಲೇ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದ್ದು 1950ರಲ್ಲಿ, ಹುಡುಗಿಯರ ಸಂಘಟನೆ ಸೇರಿಕೊಂಡದ್ದು 1951ರಲ್ಲಿ. ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಗೈಡ್ ಕ್ಯಾಪ್ಟನ್ ಅಂದರೆ ಟೀಚರ್ ನೆನಪಾಗುತ್ತಾರೆ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದ ಕನಸು ನೆನಪಾಗುತ್ತದೆ. ಅಲ್ಲಿ ಶಿಸ್ತು, ಕೌಶಲ, ಸೇವೆ ಚೆನ್ನಾಗಿ ಬರುತ್ತದೆ. ಆದರೆ ಅಂಕ ಕೊಡುವ ಟೀಚರೇ ಕ್ಯಾಪ್ಟನ್ ಆಗಿರುವಾಗ ಹುಡುಗಿ "ಮೇಡಂ, ಈ ಯೋಜನೆ ಸರಿ ಇಲ್ಲ" ಅನ್ನುವುದು ಕಷ್ಟ. ಮೆಂಟರ್ ಹೊರಗಿನವರಾಗಿದ್ದರೆ ಆ ಮಾತು ಸ್ವಲ್ಪ ಸುಲಭವಾಗುತ್ತದೆ.

ಗೋಲ್ಡ್ ಅವಾರ್ಡ್‌ನ ಯೋಚನೆಗೆ ಹತ್ತಿರವಾದದ್ದು ನಮ್ಮಲ್ಲಿ ಬೇರೆ ಕಡೆ ಇದೆ ಅಂತ ನನಗನಿಸುತ್ತದೆ. ಅದು ಮಕ್ಕಳ ಗ್ರಾಮಸಭೆ. 1990ರ ದಶಕದಲ್ಲೇ ಕುಂದಾಪುರ ಕಡೆಯ ಕೆಲವು ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ಆಮೇಲೆ ಸರ್ಕಾರವೇ ಗ್ರಾಮ ಪಂಚಾಯಿತಿಗಳಿಗೆ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿತು. ಅಲ್ಲಿ ಹುಡುಗಿಯರು ಮೈಕ್ ಹಿಡಿದು ಕೇಳುವುದು ಗಟ್ಟಿ ಪ್ರಶ್ನೆಗಳನ್ನೇ: ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಸಮಯಕ್ಕೆ ಬರಲ್ಲ, ಹೈಸ್ಕೂಲಿನ ದಾರಿಯಲ್ಲಿ ಬೀದಿದೀಪ ಇಲ್ಲ. ಪಿಡಿಒ ಬರೆದುಕೊಳ್ಳುತ್ತಾರೆ. ಚಪ್ಪಾಳೆ. ಮುಂದಿನ ವರ್ಷ ಬೇರೆ ಹುಡುಗಿ, ಅದೇ ಪ್ರಶ್ನೆ.

ಆ ಎರಡು ಸಭೆಗಳ ನಡುವಿನ ಹನ್ನೊಂದು ತಿಂಗಳಲ್ಲಿ ಮೆಂಟರ್ ಇದ್ದರೆ ಏನು ಮಾಡಬಹುದು? ದೀಪ ಹಾಕಿಸಿಕೊಡುವುದಲ್ಲ. ಯಾವ ಕಂಬಗಳಲ್ಲಿ ದೀಪ ಇಲ್ಲ ಅಂತ ಹುಡುಗಿಯರೇ ನಕ್ಷೆ ಮಾಡಲಿ. ಆ ದಾರಿ ಎಷ್ಟು ಜನ ಹುಡುಗಿಯರದು, ಸಂಜೆ ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಲಿ. ಪಂಚಾಯಿತಿಯ ಕ್ರಿಯಾಯೋಜನೆಗೆ ಯಾವ ತಿಂಗಳಲ್ಲಿ ಹೆಸರು ಸೇರಿಸಬೇಕು ಎಂದು ಕಚೇರಿಗೆ ಹೋಗಿ ಅವರೇ ಕೇಳಲಿ. ಅರ್ಜಿಗೆ ಸ್ವೀಕೃತಿ ಪಡೆದುಕೊಂಡು ಇಟ್ಟುಕೊಳ್ಳಲಿ. ಮೆಂಟರ್ ಜೊತೆಗೆ ಹೋದರೆ ಸಾಕು, ಮಾತು ಹುಡುಗಿಯರದು. ಆಶಾ ಕಾರ್ಯಕರ್ತೆ, ಲೈಬ್ರರಿ ನೋಡಿಕೊಳ್ಳುವವರು, ನಿವೃತ್ತ ಮೇಡಂ, ಡಿಗ್ರಿ ಓದುವ ಅಕ್ಕ, ಯಾರಾದರೂ ಮೆಂಟರ್ ಆಗಬಹುದು. ಹುಡುಗಿಯರ ಮನೆಯವರಿಗೆ ಗೊತ್ತಿರುವವರಾಗಿದ್ದರೆ ಒಳ್ಳೆಯದು, ಯಾಕೆಂದರೆ ಸಂಜೆ ಹೊರಗೆ ಕಳಿಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕಲ್ಲ.

ಅಮೆರಿಕದಲ್ಲಿರುವವರಿಗೆ ಆಸೆ ಇದ್ದರೆ ಆಯಾ ಕೌನ್ಸಿಲ್‌ನ ಜಾಲತಾಣದಲ್ಲಿ ಸ್ವಯಂಸೇವಕರ ಅರ್ಜಿ ಇರುತ್ತದೆ. ಸ್ವಂತ ಮಗಳು ಗರ್ಲ್ ಸ್ಕೌಟ್ ಆಗಿರಬೇಕಾಗಿಲ್ಲ, ಮಕ್ಕಳೇ ಇರಬೇಕಾಗಿಲ್ಲ. ಹನ್ನೆರಡನೇ ಕ್ಲಾಸು ಮುಗಿಸುವ ಹುಡುಗಿಯರಿಗೆ ಸಾಮಾನ್ಯವಾಗಿ ಆ ವರ್ಷದ ಸೆಪ್ಟೆಂಬರ್ 30 ಕೊನೆ ದಿನ, ಕೆಲವು ಕೌನ್ಸಿಲ್‌ಗಳಲ್ಲಿ ಅದಕ್ಕೂ ಮೊದಲೇ. ಹಾಗಾಗಿ ಬೇಸಿಗೆಯ ಕೊನೆಯಲ್ಲಿ ಎಲ್ಲ ಮೆಂಟರ್‌ಗಳ ಮೇಜಿನ ಮೇಲೆ ವರದಿಗಳ ರಾಶಿ ಬಿದ್ದಿರುತ್ತದೆ. ಹೊಸಬರು ಸೇರುವುದಾದರೆ ಅಕ್ಟೋಬರ್ ವಾಸಿ. ಹತ್ತನೇ ಕ್ಲಾಸಿನವರ ಮೊದಲ ಕರಡುಗಳು ಬರುವಷ್ಟರಲ್ಲಿ ತಪಾಸಣೆ, ತರಬೇತಿ ಎರಡೂ ಮುಗಿದಿರುತ್ತದೆ.